ಬಾಬಿ ಓರ್ ಪ್ರಕರಣ: ಒಂದು ಮೊಣಕಾಲು, ಒಂದು ಕರಾರು

1978ರ ನವೆಂಬರ್ 8ರಂದು ಶಿಕಾಗೊ ಬ್ಲ್ಯಾಕ್ ಹಾಕ್ಸ್ ತಂಡದ ಬಾಬಿ ಓರ್ ತಾವು ಇನ್ನು ಆಡುವುದಿಲ್ಲ ಎಂದು ಪ್ರಕಟಿಸಿದರು. ಆಗ ಅವರಿಗೆ 30 ವರ್ಷ. ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗ್, ಅಂದರೆ ಎನ್‌ಎಚ್‌ಎಲ್, ಕಂಡ ಅತ್ಯುತ್ತಮ ರಕ್ಷಣಾ ಆಟಗಾರ ಎಂದು ಬಹುತೇಕ ಎಲ್ಲರೂ ಒಪ್ಪುವ ಈ ವ್ಯಕ್ತಿ ಆಟ ಬಿಟ್ಟಾಗ ಅವರ ಎಡ ಮೊಣಕಾಲು ನಿಷ್ಪ್ರಯೋಜಕವಾಗಿತ್ತು. ಅದರ ಜೊತೆಗೆ, ಅವರ ಆಸ್ತಿಗಿಂತ ಅವರು ಕಟ್ಟಬೇಕಾದ ತೆರಿಗೆ ಮತ್ತು ಸಾಲದ ಮೊತ್ತ ಹೆಚ್ಚಾಗಿತ್ತು. ಈ ಎರಡು ನಷ್ಟಗಳನ್ನು ಸಾಮಾನ್ಯವಾಗಿ ಒಂದೇ ದುರಂತ ಕಥೆಯಾಗಿ ಹೇಳುವ ರೂಢಿ ಇದೆ. ಅವುಗಳನ್ನು ಬೇರ್ಪಡಿಸಿ ನೋಡದ ಹೊರತು ಈ ಪ್ರಕರಣ ಅರ್ಥವಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಮೊಣಕಾಲನ್ನು ಉಳಿಸುವ ವಿದ್ಯೆ ಅಂದಿನ ವೈದ್ಯರ ಕೈಯಲ್ಲಿ ಇರಲಿಲ್ಲ. ಹಣ ಮತ್ತು ಮಾಹಿತಿಯ ವಿಷಯದಲ್ಲಿ ಆದದ್ದನ್ನು ಮಾತ್ರ ತಡೆಯಬಹುದಾಗಿತ್ತು, ತಡೆಯಲೇಬೇಕಾಗಿತ್ತು.

ಹಾಕಿ ಎಂದೊಡನೆ ಕೊಡಗಿನ ಮೈದಾನಗಳನ್ನು ನೆನೆಯುವ ಓದುಗರಿಗಾಗಿ ಈ ಆಟದ ಬಗ್ಗೆ ಎರಡು ಮಾತು ಹೇಳಬೇಕು. ಐಸ್ ಹಾಕಿಯಲ್ಲಿ ಒಂದು ತಂಡದಿಂದ ಒಮ್ಮೆಗೆ ಆರು ಮಂದಿ ರಿಂಕಿನಲ್ಲಿ, ಅಂದರೆ ಮಂಜುಗಡ್ಡೆಯ ಅಂಗಣದಲ್ಲಿ, ಇರುತ್ತಾರೆ: ಒಬ್ಬ ಗೋಲ್‌ಕೀಪರ್, ಇಬ್ಬರು ರಕ್ಷಣಾ ಆಟಗಾರರು, ಮೂವರು ಮುಂಚೂಣಿ ಆಟಗಾರರು. ಚೆಂಡಿನ ಬದಲು ಗಟ್ಟಿ ರಬ್ಬರಿನ ಚಪ್ಪಟೆ ಪಕ್ ಇರುತ್ತದೆ. ಪಕ್ ಹಿಡಿದ ಎದುರಾಳಿಯನ್ನು ಭುಜದಿಂದ ಗುದ್ದಿ ಸುತ್ತಲಿನ ಹಲಗೆಯ ಗೋಡೆಗೆ ಒತ್ತುವುದು ನಿಯಮಕ್ಕೆ ಒಳಪಟ್ಟ ಕ್ರಿಯೆಯೇ. ಗೋಲು ಹೊಡೆದವರಿಗೂ ಅದಕ್ಕೆ ಪಾಸ್ ಕೊಟ್ಟವರಿಗೂ ತಲಾ ಒಂದು ಅಂಕ ಸಲ್ಲುತ್ತದೆ. ಓರ್ ಬರುವ ಮುನ್ನ ರಕ್ಷಣಾ ಆಟಗಾರನ ಕೆಲಸ ಎದುರಾಳಿಯನ್ನು ತಡೆದು, ಪಕ್ಕನ್ನು ಮುಂದಿನವರಿಗೆ ದಾಟಿಸಿ, ತನ್ನ ಜಾಗದಲ್ಲಿ ನಿಲ್ಲುವುದಾಗಿತ್ತು. ಅಂಥವನು ಲೀಗಿನಲ್ಲೇ ಅತಿ ಹೆಚ್ಚು ಅಂಕ ಗಳಿಸಬಹುದು ಎಂದು ಯಾರೂ ಎಣಿಸಿರಲಿಲ್ಲ.

ಪ್ಯಾರಿ ಸೌಂಡಿನಿಂದ ಬೋಸ್ಟನ್‌ಗೆ

ಓರ್ ಹುಟ್ಟಿದ್ದು 1948ರ ಮಾರ್ಚ್ 20ರಂದು, ಕೆನಡಾದ ಒಂಟಾರಿಯೊ ಪ್ರಾಂತ್ಯದ ಪ್ಯಾರಿ ಸೌಂಡ್ ಎಂಬ ಸಣ್ಣ ಊರಿನಲ್ಲಿ. ತಂದೆ ಡಗ್ ಓರ್ ಸ್ಫೋಟಕ ತಯಾರಿಸುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಮನೆಯಲ್ಲಿ ಐವರು ಮಕ್ಕಳು. ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತಿದ್ದ ಕೊಲ್ಲಿಯ ಮೇಲೆ ಹುಡುಗರೆಲ್ಲ ಸೇರಿ ಆಡುವ ಆಟದಲ್ಲಿ ಪಕ್ಕನ್ನು ಯಾರಿಗೂ ಕೊಡದೆ ಇಟ್ಟುಕೊಳ್ಳುವ ಕೈಚಳಕ ಅವರಿಗೆ ಬಾಲ್ಯದಲ್ಲೇ ಒಲಿಯಿತು. 1961ರಲ್ಲಿ ಗ್ಯಾನನಾಕ್ವೆ ಎಂಬ ಊರಿನಲ್ಲಿ ಬಾಲಕರ ಪಂದ್ಯವೊಂದಕ್ಕೆ ಬೋಸ್ಟನ್ ಬ್ರೂಯಿನ್ಸ್ ತಂಡದವರು ಬೇರೆ ಇಬ್ಬರು ಹುಡುಗರನ್ನು ಪರೀಕ್ಷಿಸಲೆಂದು ಬಂದಿದ್ದರು. ಅವರಿಬ್ಬರನ್ನು ಮರೆತು ಎಲ್ಲರೂ ನೋಡಿದ್ದು ಎದುರು ತಂಡದ ಈ ಪುಟ್ಟ ರಕ್ಷಣಾ ಆಟಗಾರನನ್ನು.

ಅಂದಿನ ಪದ್ಧತಿಯಲ್ಲಿ ಎಳೆಯ ಆಟಗಾರನೊಬ್ಬ ಒಂದು ಅರ್ಜಿಗೆ ಸಹಿ ಹಾಕಿದರೆ ಅವನ ವೃತ್ತಿಜೀವನದ ಹಕ್ಕೆಲ್ಲ ಆ ತಂಡಕ್ಕೆ ಸೇರುತ್ತಿತ್ತು. 1962ರಲ್ಲಿ, 14ನೆಯ ವಯಸ್ಸಿನಲ್ಲಿ, ಓರ್ ಅಂಥ ಅರ್ಜಿಗೆ ಸಹಿ ಹಾಕಿದರು. ಕುಟುಂಬಕ್ಕೆ ದೊರೆತ ಪ್ರತಿಫಲದಲ್ಲಿ ಒಂದಿಷ್ಟು ನಗದಿನ ಜೊತೆಗೆ ಮನೆಯ ಹೊರಗೋಡೆಗೆ ಗಾರೆ ಮಾಡಿಸಿಕೊಡುವುದೂ ಸೇರಿತ್ತು. ಈ ವಿವರವನ್ನು ಹಲವರು ಮುದ್ದಾದ ನೆನಪಿನಂತೆ ಹೇಳುತ್ತಾರೆ. ಆದರೆ ಒಂದು ಮಗುವಿನ ಇಡೀ ದುಡಿಮೆಯ ಹಕ್ಕಿಗೆ ಗೋಡೆಯ ಗಾರೆ ಬೆಲೆಯಾಗಬಲ್ಲ ವ್ಯವಸ್ಥೆಯಲ್ಲಿ ಆಟಗಾರನ ಪರವಾಗಿ ಲೆಕ್ಕ ಹಾಕುವವರು ಯಾರೂ ಇರಲಿಲ್ಲ ಎಂಬುದನ್ನು ಅದು ತೋರಿಸುತ್ತದೆ. ಮುಂದೆ ಲೆಕ್ಕ ಹಾಕುತ್ತೇನೆಂದು ಬಂದ ಮೊದಲ ವ್ಯಕ್ತಿಯನ್ನು ಓರ್ ಕುಟುಂಬ ಏಕೆ ಅಷ್ಟು ಪೂರ್ಣವಾಗಿ ನಂಬಿತು ಎಂಬುದಕ್ಕೂ ಇಲ್ಲೇ ಉತ್ತರವಿದೆ.

ಅದೇ ವರ್ಷ ಓರ್ ಓಶಾವಾ ಜನರಲ್ಸ್ ಎಂಬ ಕಿರಿಯರ ತಂಡ ಸೇರಿ ತಮಗಿಂತ ಐದಾರು ವರ್ಷ ದೊಡ್ಡವರಾದ ಯುವಕರ ಎದುರು ಆಡತೊಡಗಿದರು. ಮೊದಲ ಋತುವಿನಲ್ಲಿ ಅವರು ಮನೆಯಲ್ಲೇ ಇದ್ದು ಶಾಲೆಗೆ ಹೋಗುತ್ತ, ಪಂದ್ಯದ ದಿನ ಮಾತ್ರ ಕಾರಿನಲ್ಲಿ ದೂರ ಪ್ರಯಾಣ ಮಾಡಿ ಆಡಿ ಬರುತ್ತಿದ್ದರು. 18 ತುಂಬಿದೊಡನೆ ಬೋಸ್ಟನ್ ಅವರನ್ನು ಕರೆಯಿತು. ಮ್ಯಾನೇಜರ್ ಮುಂದಿಟ್ಟ ಸಂಬಳ ಬೇರೆಲ್ಲ ಹೊಸಬರಿಗೆ ಕೊಡುವಷ್ಟೇ ಇತ್ತು. ಆಗ ಡಗ್ ಓರ್ ಸಹಾಯಕ್ಕಾಗಿ ಆಶ್ರಯಿಸಿದ್ದು ಟೊರಾಂಟೊದ ಯುವ ವಕೀಲ, ಒಂಟಾರಿಯೊ ಶಾಸನಸಭೆಯ ಸದಸ್ಯ ಅಲನ್ ಈಗಲ್‌ಸನ್ ಅವರನ್ನು. ಏಜೆಂಟರೊಂದಿಗೆ ಮಾತೇ ಆಡುವುದಿಲ್ಲ ಎಂಬ ಹಟದಲ್ಲಿ ತಂಡಗಳಿದ್ದ ಕಾಲವದು. ಈಗಲ್‌ಸನ್ ಆ ಹಟವನ್ನು ಮುರಿದರು. 1966ರಲ್ಲಿ, ಬ್ರೂಯಿನ್ಸ್ ಮ್ಯಾನೇಜರ್ ಹ್ಯಾಪ್ ಎಮ್ಸ್ ಅವರ ದೋಣಿಯ ಮೇಲೆ ಸಹಿಯಾದ ಕರಾರು ಓರ್ ಅವರನ್ನು ಲೀಗಿನ ಇತಿಹಾಸದಲ್ಲೇ ಅತಿ ಹೆಚ್ಚು ಸಂಬಳದ ಹೊಸ ಆಟಗಾರನನ್ನಾಗಿ ಮಾಡಿತು.

ಈ ಹಂತದಲ್ಲಿ ಈಗಲ್‌ಸನ್ ಮಾಡಿದ್ದು ನಿಜವಾದ ಉಪಕಾರ. ಅದನ್ನು ಅಲ್ಲಗಳೆದರೆ ಪ್ರಕರಣದ ಮುಂದಿನ ಭಾಗ ಬರೀ ಖಳನಾಯಕನ ಕಥೆಯಾಗಿಬಿಡುತ್ತದೆ. ಓರ್ ಅವರಂಥ ಕಕ್ಷಿದಾರನಿಂದ ಬಂದ ಹೆಸರಿನ ಬಲದಿಂದಲೇ ಈಗಲ್‌ಸನ್ 1967ರಲ್ಲಿ ಎನ್‌ಎಚ್‌ಎಲ್ ಆಟಗಾರರ ಸಂಘವನ್ನು ಕಟ್ಟಿ ಅದರ ಕಾರ್ಯನಿರ್ವಾಹಕ ನಿರ್ದೇಶಕರಾದರು. ಅಂದಿನಿಂದ ಸುಮಾರು 25 ವರ್ಷ ಆ ಕುರ್ಚಿ ಅವರದೇ. ಸಂಘದ ಮುಖ್ಯಸ್ಥರಾದ ಮೇಲೂ ಅವರು ಅನೇಕ ಆಟಗಾರರ ಖಾಸಗಿ ಏಜೆಂಟರಾಗಿ ಉಳಿದರು. ಕೆಲವೇ ವರ್ಷಗಳಲ್ಲಿ ಅಂತರರಾಷ್ಟ್ರೀಯ ಪಂದ್ಯಾವಳಿಗಳ ಸಂಘಟಕರೂ ಆದರು. ಒಬ್ಬರೇ ಇಷ್ಟು ಪಾತ್ರಗಳನ್ನು ಹೊತ್ತಾಗ ಯಾವ ಮಾತನ್ನು ಯಾರ ಪರವಾಗಿ ಆಡುತ್ತಿದ್ದಾರೆ ಎಂದು ಕೇಳುವ ಹಕ್ಕು ಆಟಗಾರರಿಗಿತ್ತು. ಆ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳುವವರು ಬಹಳ ಕಾಲ ಹುಟ್ಟಲಿಲ್ಲ.

ಆಟ

1966ರ ಅಕ್ಟೋಬರ್ 19ರಂದು ಡೆಟ್ರಾಯಿಟ್ ವಿರುದ್ಧ ಓರ್ ತಮ್ಮ ಮೊದಲ ಪಂದ್ಯ ಆಡಿದರು. ಆ ಋತುವಿನಲ್ಲಿ ಬೋಸ್ಟನ್ ಪಟ್ಟಿಯ ಕೊನೆಯಲ್ಲಿ ನಿಂತಿತು, ಓರ್ ವರ್ಷದ ಉತ್ತಮ ಹೊಸ ಆಟಗಾರನಿಗೆ ಸಲ್ಲುವ ಕಾಲ್ಡರ್ ಟ್ರೋಫಿ ಪಡೆದರು. ಅದೇ ವರ್ಷ ಉತ್ತಮ ರಕ್ಷಣಾ ಆಟಗಾರನ ನಾರಿಸ್ ಟ್ರೋಫಿ ಗೆದ್ದ ಹಿರಿಯ ಹ್ಯಾರಿ ಹೋವೆಲ್, ಮುಂದೆ ಇದು ಓರ್ ಅವರ ಸ್ವತ್ತಾಗಲಿರುವುದರಿಂದ ತಮಗೆ ಈಗಲೇ ದೊರೆತದ್ದು ಒಳ್ಳೆಯದಾಯಿತು ಎಂಬರ್ಥದ ಮಾತು ಹೇಳಿದ್ದರು. 1968ರಿಂದ 1975ರವರೆಗೆ ಸತತ ಎಂಟು ಬಾರಿ ಆ ಟ್ರೋಫಿ ಓರ್ ಅವರ ಪಾಲಾಯಿತು.

1969–70ರ ಋತುವಿನಲ್ಲಿ ಅವರು 33 ಗೋಲು ಹೊಡೆದು, 87 ಗೋಲುಗಳಿಗೆ ನೆರವಾಗಿ, 120 ಅಂಕಗಳೊಂದಿಗೆ ಲೀಗಿನ ಅಂಕಪಟ್ಟಿಯ ತುದಿಗೇರಿದರು. ರಕ್ಷಣಾ ಆಟಗಾರನೊಬ್ಬ ಹಾಗೆ ಮಾಡಿದ್ದು ಅದೇ ಮೊದಲು. 1974–75ರಲ್ಲಿ 135 ಅಂಕಗಳೊಂದಿಗೆ ಮತ್ತೆ ಅದನ್ನು ಸಾಧಿಸಿದವರೂ ಅವರೇ. 1970–71ರಲ್ಲಿ ಗಳಿಸಿದ 139 ಅಂಕಗಳನ್ನು ಬೇರಾವ ರಕ್ಷಣಾ ಆಟಗಾರನೂ ದಾಟಿಲ್ಲ. ಅವರು ರಿಂಕಿನಲ್ಲಿದ್ದಾಗ ತಂಡ ಹೊಡೆದ ಗೋಲುಗಳಿಂದ ಬಿಟ್ಟುಕೊಟ್ಟ ಗೋಲುಗಳನ್ನು ಕಳೆದಾಗ ಉಳಿಯುವ ಲೆಕ್ಕ ಆ ವರ್ಷ 124 ಇತ್ತು. ಅದೂ ಇಂದಿಗೂ ದಾಖಲೆ. ಮುನ್ನುಗ್ಗಿ ಆಡುವವನು ಹಿಂಬದಿಯನ್ನು ಬರಿದು ಮಾಡುತ್ತಾನೆ ಎಂಬ ಹಳೆಯ ಆಕ್ಷೇಪಕ್ಕೆ ಈ ಕೊನೆಯ ಅಂಕಿಯೇ ಉತ್ತರವಾದ್ದರಿಂದ, ಓರ್ ಅವರ ದಾಖಲೆಗಳಲ್ಲಿ ನಾನು ಇದಕ್ಕೇ ಹೆಚ್ಚು ಬೆಲೆ ಕೊಡುತ್ತೇನೆ.

ಅವರ ಆಟದ ರೀತಿಯನ್ನು ಒಂದೇ ಕ್ಷಣದಲ್ಲಿ ಕಾಣಬೇಕಾದರೆ 1970ರ ಮೇ 10ರಂದು ಬೋಸ್ಟನ್ ಗಾರ್ಡನ್‌ನಲ್ಲಿ ನಡೆದ ಪಂದ್ಯವನ್ನು ನೋಡಬೇಕು. ಲೀಗಿನ ಚಾಂಪಿಯನ್ ತಂಡಕ್ಕೆ ಸಲ್ಲುವ ಸ್ಟ್ಯಾನ್ಲಿ ಕಪ್‌ಗಾಗಿ ನಡೆದ ಅಂತಿಮ ಸರಣಿಯ ನಾಲ್ಕನೆಯ ಪಂದ್ಯ. ಎದುರಾಳಿ ಸೇಂಟ್ ಲೂಯಿಸ್ ಬ್ಲೂಸ್. ನಿಗದಿತ ಅವಧಿ ಸಮಬಲದಲ್ಲಿ ಮುಗಿದು ಹೆಚ್ಚುವರಿ ಆಟ ಶುರುವಾಗಿ ಇನ್ನೂ ಒಂದು ನಿಮಿಷವಾಗಿರಲಿಲ್ಲ. ಎದುರಾಳಿ ಹೊರಗೆ ತಳ್ಳಲೆತ್ನಿಸಿದ ಪಕ್ಕನ್ನು ಓರ್ ಬಲ ಅಂಚಿನಲ್ಲಿ ಮುಂದೆ ಬಂದು ತಡೆದರು. ಅದು ತಪ್ಪಿದ್ದರೆ ಹಿಂದೆ ಕಾಯುವವರಿಲ್ಲದೆ ಬೋಸ್ಟನ್ ಸಿಕ್ಕಿಬೀಳುತ್ತಿತ್ತು. ತಡೆದ ಪಕ್ಕನ್ನು ಗೋಲಿನ ಬಳಿ ಮೂಲೆಯಲ್ಲಿದ್ದ ಡೆರೆಕ್ ಸ್ಯಾಂಡರ್ಸನ್‌ಗೆ ಕೊಟ್ಟು, ತಾವು ನೇರ ಗೋಲಿನತ್ತ ನುಗ್ಗಿ, ಮರಳಿ ಬಂದ ಪಾಸನ್ನು ಗೋಲ್‌ಕೀಪರ್ ಗ್ಲೆನ್ ಹಾಲ್ ಅವರ ಕಾಲುಗಳ ನಡುವೆ ತೂರಿಸಿದರು. ಅಷ್ಟರಲ್ಲಿ ಎದುರಾಳಿ ತಂಡದ ನೊಯೆಲ್ ಪಿಕಾರ್ ಅವರ ಸ್ಟಿಕ್ ಓರ್ ಅವರ ಸ್ಕೇಟಿಗೆ ಸಿಲುಕಿ ಅವರನ್ನು ಮೇಲಕ್ಕೆತ್ತಿತು. ಎರಡೂ ಕೈ ಚಾಚಿ, ನೆಲಕ್ಕೆ ಸಮಾನಾಂತರವಾಗಿ ಗಾಳಿಯಲ್ಲಿರುವ ಓರ್ ಅವರ ಚಿತ್ರವನ್ನು ಬೋಸ್ಟನ್ನಿನ ಪತ್ರಿಕಾ ಛಾಯಾಗ್ರಾಹಕ ರೇ ಲೂಸಿಯೆ ಸೆರೆಹಿಡಿದರು. 1941ರ ನಂತರ ಬೋಸ್ಟನ್‌ಗೆ ದೊರೆತ ಮೊದಲ ಕಪ್ ಅದು. 1972ರಲ್ಲಿ ನ್ಯೂಯಾರ್ಕ್ ರೇಂಜರ್ಸ್ ವಿರುದ್ಧ ಮತ್ತೊಮ್ಮೆ ಕಪ್ ಬಂದಾಗಲೂ ಕೊನೆಯ ಪಂದ್ಯದ ನಿರ್ಣಾಯಕ ಗೋಲು ಓರ್ ಅವರದೇ ಆಗಿತ್ತು.

ಮೊಣಕಾಲು

ಮೊದಲ ಋತುವಿನಲ್ಲೇ ಅವರ ಮೊಣಕಾಲಿಗೆ ಪೆಟ್ಟಾಗಿತ್ತು. ಎರಡನೆಯ ಋತುವಿನ 74 ಪಂದ್ಯಗಳಲ್ಲಿ ಅವರು ಆಡಿದ್ದು 46 ಮಾತ್ರ. ಅಲ್ಲಿಂದ ಮುಂದೆ ಶಸ್ತ್ರಚಿಕಿತ್ಸೆಗಳು ಒಂದರ ಹಿಂದೆ ಒಂದರಂತೆ ನಡೆದವು. ಎಡ ಮೊಣಕಾಲೊಂದಕ್ಕೇ ಹತ್ತಕ್ಕೂ ಹೆಚ್ಚು ಬಾರಿ ಕತ್ತರಿ ಬಿತ್ತು. ಓರ್ ಅವರ ಪ್ರಸಿದ್ಧ ಓಟದ ಗುಟ್ಟು ಅವರು ವೇಗವನ್ನು ಥಟ್ಟನೆ ಬದಲಿಸಿ, ಒಂದೇ ಕಾಲಿನ ಮೇಲೆ ಭಾರ ಹೊತ್ತು ಇಷ್ಟಗಲ ಜಾಗದಲ್ಲಿ ತಿರುಗುವುದರಲ್ಲಿತ್ತು. ಆ ತಿರುವೇ ಮೊಣಕಾಲಿಗೆ ಅತ್ಯಂತ ದುಬಾರಿ. ಪಕ್ ಸದಾ ಅವರ ಬಳಿ ಇರುತ್ತಿದ್ದುದರಿಂದ ಗುದ್ದುಗಳೂ ಸದಾ ಅವರಿಗೇ ಬೀಳುತ್ತಿದ್ದವು.

ಅಂದಿನ ಚಿಕಿತ್ಸೆಯ ಸ್ವರೂಪವನ್ನು ಇಲ್ಲಿ ನೆನೆಯಬೇಕು. ಮೂಳೆಗಳ ನಡುವೆ ಮೆತ್ತೆಯಂತಿರುವ ಮೆನಿಸ್ಕಸ್ ಹರಿದರೆ, ಮೊಣಕಾಲನ್ನು ಅಗಲವಾಗಿ ಕೊಯ್ದು ತೆರೆದು ಅದನ್ನು ತೆಗೆದುಹಾಕುವುದು ಆಗಿನ ವಾಡಿಕೆ. ನಂತರ ವಾರಗಟ್ಟಲೆ ಕಾಲು ಕಟ್ಟಿನಲ್ಲಿ ಬಂಧಿಯಾಗಿರುತ್ತಿತ್ತು. ಸಣ್ಣ ರಂಧ್ರದ ಮೂಲಕ ಕ್ಯಾಮೆರಾ ತೂರಿಸಿ, ಹರಿದ ಅಂಚನ್ನಷ್ಟೇ ಸರಿಪಡಿಸಿ ಉಳಿದದ್ದನ್ನು ಕಾಪಾಡುವ ಆರ್ತ್ರೋಸ್ಕೋಪಿ ಕ್ರೀಡಾಪಟುಗಳ ಪಾಲಿಗೆ ಸಾಮಾನ್ಯವಾಗುವ ಹೊತ್ತಿಗೆ ಓರ್ ಅವರ ಆಟ ಮುಗಿದಿತ್ತು. ಎಂಆರ್‌ಐ ಕೂಡ ಇನ್ನೂ ಬಂದಿರಲಿಲ್ಲ. ಮೆತ್ತೆ ಹೋದ ಮೇಲೆ ಮೂಳೆಗೆ ಮೂಳೆ ಉಜ್ಜಿ ಕೀಲು ಸವೆಯುವುದನ್ನು ಯಾವ ಸಂಕಲ್ಪಬಲವೂ ನಿಲ್ಲಿಸಲಾರದು. ಇದರಲ್ಲಿ ಯಾವೊಬ್ಬ ವೈದ್ಯರ ತಪ್ಪನ್ನೂ ನಾನು ಕಾಣೆ.

1972ರ ಸೆಪ್ಟೆಂಬರ್‌ನಲ್ಲಿ ಕೆನಡಾ ಮತ್ತು ಸೋವಿಯತ್ ಒಕ್ಕೂಟಗಳ ನಡುವೆ ನಡೆದ ಚಾರಿತ್ರಿಕ ಸರಣಿಯಲ್ಲಿ ಓರ್ ತಂಡದ ಜೊತೆ ಇದ್ದೂ ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಳ್ಳದೆ ಒಂದು ಪಂದ್ಯವನ್ನೂ ಆಡಲಾಗಲಿಲ್ಲ. 1974–75ರಲ್ಲಿ ಎಲ್ಲ 80 ಪಂದ್ಯಗಳನ್ನೂ ಆಡಿ 46 ಗೋಲು ಹೊಡೆದಾಗ ಕಾಲು ಸರಿಹೋಯಿತೆಂದು ಅಭಿಮಾನಿಗಳು ಭಾವಿಸಿದ್ದು ಸಹಜ. ಮರುವರ್ಷ ಅವರಿಗೆ ಆಡಲಾದದ್ದು ಹತ್ತೇ ಪಂದ್ಯ. ಆ ಹತ್ತರಲ್ಲೂ 18 ಅಂಕ ಗಳಿಸಿದ್ದರು ಎಂಬುದು ಪರಿಸ್ಥಿತಿಯನ್ನು ಇನ್ನಷ್ಟು ಜಟಿಲಗೊಳಿಸಿತು; ಆಡಿದರೆ ಅಪ್ರತಿಮ, ಆದರೆ ಆಡಬಲ್ಲರೇ ಎಂಬುದು ಯಾರಿಗೂ ತಿಳಿಯದು. ಬೋಸ್ಟನ್ನಿನೊಂದಿಗಿನ ಅವರ ಕರಾರು ಮುಗಿದದ್ದು ಸರಿಯಾಗಿ ಅದೇ ಹೊತ್ತಿನಲ್ಲಿ.

1976ರ ಕರಾರು

1971ರಲ್ಲಿ ಓರ್ ವರ್ಷಕ್ಕೆ 2 ಲಕ್ಷ ಡಾಲರಿನಂತೆ ಐದು ವರ್ಷದ ಕರಾರಿಗೆ ಸಹಿ ಹಾಕಿದ್ದರು. ಲೀಗಿನಲ್ಲಿ ಒಟ್ಟು ಮೊತ್ತ 10 ಲಕ್ಷ ಮುಟ್ಟಿದ ಮೊದಲ ಕರಾರು ಅದು. ಅದರ ಅವಧಿ ಮುಗಿಯುವ ವೇಳೆಗೆ ಬ್ರೂಯಿನ್ಸ್ ತಂಡ ಹೊಸ ಮಾಲೀಕ ಜೆರೆಮಿ ಜೇಕಬ್ಸ್ ಅವರ ಕೈಗೆ ಬಂದಿತ್ತು. ಓರ್ ಅವರನ್ನು ಉಳಿಸಿಕೊಳ್ಳಲು ಬೋಸ್ಟನ್ ಮುಂದಿಟ್ಟ ಪ್ರಸ್ತಾವಗಳಲ್ಲಿ ಒಂದು ಅಂದಿನ ಮಟ್ಟಿಗೆ ಅಪೂರ್ವವಾದದ್ದು: ಸಂಬಳದ ಜೊತೆಗೆ ತಂಡದ ಒಡೆತನದಲ್ಲಿ ಶೇಕಡಾ 18ಕ್ಕೂ ಹೆಚ್ಚಿನ ಪಾಲು. ಮಾತುಕತೆಯೆಲ್ಲ ಈಗಲ್‌ಸನ್ ಮೂಲಕವೇ ನಡೆಯುತ್ತಿತ್ತು. ಪಾಲಿನ ಮಾತು ತಮ್ಮ ಕಿವಿಗೆ ಬೀಳಲೇ ಇಲ್ಲ, ಬೋಸ್ಟನ್ ತಮ್ಮನ್ನು ಬಿಟ್ಟುಕೊಡಲು ಸಿದ್ಧವಾಗಿದೆ ಎಂಬ ಭಾವನೆಯನ್ನೇ ತಮ್ಮಲ್ಲಿ ಮೂಡಿಸಲಾಗಿತ್ತು ಎಂದು ಓರ್ ಹೇಳುತ್ತ ಬಂದಿದ್ದಾರೆ. ತಾವು ತಿಳಿಸಿದ್ದುಂಟು ಎಂಬುದು ಈಗಲ್‌ಸನ್ ಅವರ ವಾದ. ಈ ನಿರ್ದಿಷ್ಟ ಪ್ರಶ್ನೆಯನ್ನು ಯಾವ ನ್ಯಾಯಾಲಯವೂ ವಿಚಾರಿಸಿ ತೀರ್ಪು ಕೊಟ್ಟಿಲ್ಲವಾದ್ದರಿಂದ ಎರಡೂ ಮಾತುಗಳನ್ನು ಇಲ್ಲಿ ದಾಖಲಿಸುವುದು ನ್ಯಾಯ.

ಓರ್ ಅವರ ಮಾತನ್ನು ನಂಬಲು ನನಗಿರುವ ಕಾರಣ ಆ ಪ್ರಸ್ತಾವದ ಗುಣದಲ್ಲೇ ಇದೆ. 28 ವರ್ಷದ, ಮೊಣಕಾಲು ಕೈಕೊಟ್ಟಿರುವ ಆಟಗಾರನಿಗೆ ಸಂಬಳಕ್ಕಿಂತ ಒಡೆತನದ ಪಾಲು ಹೆಚ್ಚು ಸುರಕ್ಷಿತ, ಏಕೆಂದರೆ ಷೇರಿನ ಬೆಲೆ ಮಾಲೀಕನ ಕಾಲಿನ ಸ್ಥಿತಿಯನ್ನು ಅವಲಂಬಿಸುವುದಿಲ್ಲ. ಹತ್ತು ವರ್ಷ ಆಡಿದ ಊರು, ತನ್ನನ್ನು ಆರಾಧಿಸುವ ಜನ, ಅದರ ಮೇಲೆ ಒಡೆತನದಲ್ಲಿ ಪಾಲು ಎಂದು ತಿಳಿದಿದ್ದೂ ಒಬ್ಬ ಮನುಷ್ಯ ಶಿಕಾಗೊಗೆ ಹೊರಡುತ್ತಾನೆ ಎಂಬುದು ಊಹೆಗೆ ನಿಲುಕುವುದಿಲ್ಲ. ಆಡುತ್ತಿರುವವನು ತಂಡದ ಪಾಲುದಾರನಾಗುವುದಕ್ಕೆ ತೆರಿಗೆಯ ಅಥವಾ ಲೀಗಿನ ನಿಯಮಗಳ ತೊಡಕು ಇದ್ದಿರಬಹುದು. ಆದರೆ ಅದು ಕಕ್ಷಿದಾರನ ಮುಂದಿಟ್ಟು, ಕುಳಿತು ಚರ್ಚಿಸಿ, ಅವನ ಒಪ್ಪಿಗೆ ಪಡೆದು ಬಿಡಿಸಬೇಕಾದ ತೊಡಕು.

ಓರ್ 1976ರ ಜೂನ್‌ನಲ್ಲಿ ಐದು ವರ್ಷಕ್ಕೆ 30 ಲಕ್ಷ ಡಾಲರಿನ ಕರಾರಿನೊಂದಿಗೆ ಶಿಕಾಗೊ ಸೇರಿದರು. ಆ ತಂಡದ ಅಧ್ಯಕ್ಷ ಬಿಲ್ ವರ್ಟ್ಜ್ ಈಗಲ್‌ಸನ್ ಅವರ ಆಪ್ತ ಸ್ನೇಹಿತರು. ಅಷ್ಟೇ ಅಲ್ಲ, ಸಂಬಳ, ಪಿಂಚಣಿ, ಆಟಗಾರರ ಸ್ವಾತಂತ್ರ್ಯ ಮುಂತಾದ ವಿಷಯಗಳಲ್ಲಿ ಸಂಘದೊಂದಿಗೆ ಚೌಕಾಸಿ ಮಾಡಬೇಕಾಗಿದ್ದ ಮಾಲೀಕರ ಪಾಳಯದ ಅತಿ ಪ್ರಭಾವಿ ವ್ಯಕ್ತಿಯೂ ಹೌದು. ಅಂದರೆ ಆಟಗಾರರ ಸಂಘದ ಮುಖ್ಯಸ್ಥ, ತನ್ನ ಖಾಸಗಿ ಕಕ್ಷಿದಾರನನ್ನು, ಎದುರು ಪಾಳಯದ ಮುಂದಾಳುವಾದ ತನ್ನ ಗೆಳೆಯನ ತಂಡಕ್ಕೆ ಸೇರಿಸಿದಂತಾಯಿತು. ಇದರಲ್ಲಿ ಗುಟ್ಟಿನ ಒಳಸಂಚು ಇತ್ತೆಂದು ಸಾಧಿಸುವ ಅಗತ್ಯವೇ ಇಲ್ಲ. ಒಬ್ಬನೇ ವ್ಯಕ್ತಿ ಈ ಎಲ್ಲ ಸಂಬಂಧಗಳ ನಡುವೆ ನಿಂತು ನಿಷ್ಪಕ್ಷಪಾತವಾದ ಸಲಹೆ ಕೊಡಬಲ್ಲ ಎಂದು ನಿರೀಕ್ಷಿಸಿದ್ದೇ ವ್ಯವಸ್ಥೆಯ ದೋಷ.

ಅದೇ ಸೆಪ್ಟೆಂಬರ್‌ನಲ್ಲಿ ಕೆನಡಾ ಕಪ್ ಎಂಬ ಅಂತರರಾಷ್ಟ್ರೀಯ ಪಂದ್ಯಾವಳಿ ಮೊದಲ ಬಾರಿ ನಡೆಯಿತು. ಅದರ ಪ್ರಮುಖ ಸಂಘಟಕರು ಈಗಲ್‌ಸನ್. ಓರ್ ಏಳು ಪಂದ್ಯಗಳಲ್ಲಿ 9 ಅಂಕ ಗಳಿಸಿ ಪಂದ್ಯಾವಳಿಯ ಶ್ರೇಷ್ಠ ಆಟಗಾರರೆನಿಸಿದರು. ಬೆಳಿಗ್ಗೆ ನಡೆಯಲೂ ಆಗದ ಮನುಷ್ಯ ಸಂಜೆ ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದರು ಎಂದು ಸಹ ಆಟಗಾರರು ನೆನೆದಿದ್ದಾರೆ. 1972ರಲ್ಲಿ ದೇಶಕ್ಕಾಗಿ ಆಡಲಾಗಲಿಲ್ಲ ಎಂಬ ಕೊರಗು ಓರ್ ಅವರಲ್ಲಿತ್ತು, ಆಡಬೇಕೆಂಬ ಆಸೆ ಅವರದೇ ಆಗಿತ್ತು. ಆ ಆಯ್ಕೆಯನ್ನು ನಾನು ಗೌರವಿಸುತ್ತೇನೆ. ಆದರೂ ಅಂಥ ಕಾಲನ್ನು ಇಟ್ಟುಕೊಂಡು ಆಡುವುದು ಬೇಡ ಎಂದು ಹೇಳಬೇಕಾದ ಸಲಹೆಗಾರರಿಗೆ ಅವರು ಆಡುವುದರಿಂದಲೇ ಪಂದ್ಯಾವಳಿಯ ಯಶಸ್ಸು ಸಿಗುವುದಿತ್ತು ಎಂಬುದನ್ನು ಮರೆಯುವಂತಿಲ್ಲ. ಶಿಕಾಗೊ ಪರ ಅವರು ಆ ಋತುವಿನಲ್ಲಿ 20 ಪಂದ್ಯ ಆಡಿದರು, ಮುಂದಿನ ಋತುವಿನಲ್ಲಿ ಒಂದೂ ಇಲ್ಲ, ಅದರ ಮುಂದಿನ ಋತುವಿನಲ್ಲಿ ಆರು. ಆಡದ ಋತುವಿಗೆ ಸಂಬಳ ಪಡೆಯುವುದು ಸರಿಯಲ್ಲ ಎಂದು ಅವರು ಹಣವನ್ನೂ ನಿರಾಕರಿಸಿದರು. ಒಟ್ಟು 657 ಪಂದ್ಯ, 270 ಗೋಲು, 915 ಅಂಕಗಳಿಗೆ ವೃತ್ತಿಜೀವನ ನಿಂತಿತು.

ನಂತರ

ಗೌರವಗಳಿಗೆ ಕೊರತೆಯಾಗಲಿಲ್ಲ. 1979ರ ಜನವರಿ 9ರಂದು ಬೋಸ್ಟನ್ ಅವರ 4ನೆಯ ಸಂಖ್ಯೆಯ ಅಂಗಿಯನ್ನು ಇನ್ನಾರೂ ಧರಿಸದಂತೆ ಮೀಸಲಿಟ್ಟಿತು. ಜನರ ಚಪ್ಪಾಳೆ ನಿಲ್ಲದೆ ಅವರಿಗೆ ಬಹಳ ಹೊತ್ತು ಮಾತು ಶುರುಮಾಡಲಾಗಲಿಲ್ಲ. ಅದೇ ವರ್ಷ, ಆಟದ ಮಹನೀಯರನ್ನು ಗೌರವಿಸುವ ಸಂಸ್ಥೆಯಾದ ಹಾಕಿ ಹಾಲ್ ಆಫ್ ಫೇಮ್ ತನ್ನ ಮೂರು ವರ್ಷದ ಕಾಯುವ ನಿಯಮವನ್ನು ಸಡಿಲಿಸಿ, 31ರ ಹರೆಯದಲ್ಲೇ ಅವರನ್ನು ಸೇರಿಸಿಕೊಂಡಿತು. ಬ್ಯಾಂಕಿನ ಲೆಕ್ಕ ಮಾತ್ರ ಬೇರೆಯೇ ಕಥೆ ಹೇಳುತ್ತಿತ್ತು. ಹೂಡಿಕೆ, ತೆರಿಗೆ, ಕರಾರು ಎಲ್ಲವನ್ನೂ ಓರ್ ಈಗಲ್‌ಸನ್ ಕೈಗೆ ಒಪ್ಪಿಸಿ ನಿಶ್ಚಿಂತರಾಗಿದ್ದರು. ಅಣ್ಣನಂತೆ ನಂಬಿದ್ದೆ ಎಂಬರ್ಥದಲ್ಲಿ ಅವರು ಮುಂದೆ ಹೇಳಿಕೊಂಡಿದ್ದಾರೆ. ಹೊರಗಿನ ಲೆಕ್ಕಿಗರು ಕಡತಗಳನ್ನು ಪರಿಶೀಲಿಸಿದಾಗ ಹೆಚ್ಚೇನೂ ಉಳಿದಿಲ್ಲವೆಂದು ತಿಳಿಯಿತು. 1980ರಲ್ಲಿ ಇಬ್ಬರ ಸಂಬಂಧ ಮುರಿಯಿತು. ಓರ್ ಬೋಸ್ಟನ್ ಪ್ರದೇಶಕ್ಕೆ ಮರಳಿ ಬ್ಯಾಂಕು, ಆಹಾರೋತ್ಪನ್ನ ಕಂಪನಿಗಳ ಪ್ರಚಾರದ ಕೆಲಸ ಮಾಡುತ್ತ ಸಂಸಾರವನ್ನು ಮತ್ತೆ ನಿಲ್ಲಿಸಿದರು.

ಈಗಲ್‌ಸನ್ ಮುಂದಿನ ಹನ್ನೊಂದು ವರ್ಷವೂ ಸಂಘದ ಮುಖ್ಯಸ್ಥರಾಗಿಯೇ ಇದ್ದರು, 1989ರಲ್ಲಿ ಹಾಲ್ ಆಫ್ ಫೇಮ್ ಗೌರವವನ್ನೂ ಪಡೆದರು ಎಂಬುದು ನನ್ನನ್ನು ಬಹಳ ಕಾಡುವ ಸಂಗತಿ. ಆಟದ ಅತ್ಯಂತ ದೊಡ್ಡ ಹೆಸರೇ ದೂರು ಹೇಳಿದರೂ ಅದನ್ನು ಇಬ್ಬರ ಖಾಸಗಿ ಜಗಳವೆಂದು ಬದಿಗೆ ಸರಿಸಲಾಯಿತು. ಗಡಿಯ ಆಚೆ ಮ್ಯಾಸಚೂಸೆಟ್ಸ್‌ನ ಲಾರೆನ್ಸ್ ಎಂಬ ಊರಿನ ‘ಈಗಲ್-ಟ್ರಿಬ್ಯೂನ್’ ಪತ್ರಿಕೆಯ ರಸ್ ಕಾನ್ವೇ 1991ರಿಂದ ಬರೆದ ಸರಣಿ ತನಿಖಾ ವರದಿಗಳು ಕೊನೆಗೆ ಕಡತಗಳನ್ನು ಬಯಲಿಗೆ ತಂದವು. ದೊಡ್ಡ ನಗರಗಳ ದೊಡ್ಡ ಪತ್ರಿಕೆಗಳು ಮಾಡದ ಕೆಲಸವನ್ನು ಸಣ್ಣ ಊರಿನ ಪತ್ರಕರ್ತರು ಮಾಡಿದರು. ಗಾಯಗೊಂಡ ಆಟಗಾರರ ವಿಮೆಯ ಹಣ, ಪಂದ್ಯಾವಳಿಗಳ ಜಾಹೀರಾತಿನ ಹಣ, ಸಂಘದ ಹಣ ಇವೆಲ್ಲ ಎತ್ತ ಹರಿದವು ಎಂಬ ಪ್ರಶ್ನೆಗಳಿಗೆ ಉತ್ತರ ಸಿಗತೊಡಗಿದಾಗ, ಬೇಲಿಯೇ ಎದ್ದು ಹೊಲ ಮೇಯ್ದಿತ್ತೆಂಬುದು ಆಟಗಾರರಿಗೆ ಮನವರಿಕೆಯಾಯಿತು. 1994ರಲ್ಲಿ ಅಮೆರಿಕದ ಸರ್ಕಾರ ಈಗಲ್‌ಸನ್ ಮೇಲೆ ದೋಷಾರೋಪ ಹೊರಿಸಿತು. 1998ರ ಜನವರಿಯಲ್ಲಿ ಅವರು ಬೋಸ್ಟನ್ನಿನ ನ್ಯಾಯಾಲಯದಲ್ಲೂ ಮರುದಿನ ಟೊರಾಂಟೊದ ನ್ಯಾಯಾಲಯದಲ್ಲೂ ವಂಚನೆಯ ತಪ್ಪೊಪ್ಪಿಕೊಂಡರು. 10 ಲಕ್ಷ ಕೆನಡಾ ಡಾಲರ್ ದಂಡ ಮತ್ತು 18 ತಿಂಗಳ ಸೆರೆವಾಸದ ಶಿಕ್ಷೆಯಾಗಿ, ಆರು ತಿಂಗಳು ಸೆರೆಯಲ್ಲಿದ್ದು ಬಿಡುಗಡೆಯಾದರು. ಓರ್ ಸೇರಿದಂತೆ ಹಲವು ಹಿರಿಯ ಆಟಗಾರರು, ಈಗಲ್‌ಸನ್ ಉಳಿದರೆ ತಾವು ಹಾಲ್ ಆಫ್ ಫೇಮ್ ತೊರೆಯುತ್ತೇವೆ ಎಂದಾಗ ಅವರು ರಾಜೀನಾಮೆ ಕೊಟ್ಟರು. ಆರ್ಡರ್ ಆಫ್ ಕೆನಡಾ ಗೌರವವೂ ವಕೀಲಿಯ ಸನ್ನದೂ ಕೈತಪ್ಪಿದವು.

ಇದೇ ಅವಧಿಯಲ್ಲಿ ಕಾರ್ಲ್ ಬ್ರೂವರ್ ಮತ್ತಿತರ ಮಾಜಿ ಆಟಗಾರರು ತಮ್ಮ ಪಿಂಚಣಿ ನಿಧಿಯ ಹೆಚ್ಚುವರಿ ಹಣವನ್ನು ಲೀಗ್ ತನ್ನ ಪಾಲಿಗೆ ಬಳಸಿಕೊಂಡಿದೆ ಎಂದು ಒಂಟಾರಿಯೊದಲ್ಲಿ ದಾವೆ ಹೂಡಿ ಗೆದ್ದರು. 1994ರಲ್ಲಿ ಕೆನಡಾದ ಸರ್ವೋಚ್ಚ ನ್ಯಾಯಾಲಯ ಲೀಗಿನ ಮೇಲ್ಮನವಿಯನ್ನು ಕೇಳಲು ನಿರಾಕರಿಸಿದ ಮೇಲೆ ಸುಮಾರು 4 ಕೋಟಿ ಡಾಲರ್ ಹಳೆಯ ಆಟಗಾರರಿಗೆ ಹಂಚಿಕೆಯಾಯಿತು. ಓರ್ ಒಬ್ಬರ ವಿಷಯದಲ್ಲಿ ಮಾಲೀಕರೂ ಸಂಘದ ಮುಖ್ಯಸ್ಥರೂ ಎಷ್ಟು ಹತ್ತಿರವಿದ್ದರೋ, ನೂರಾರು ಮಂದಿಯ ಪಿಂಚಣಿಯ ವಿಷಯದಲ್ಲೂ ಅಷ್ಟೇ ಹತ್ತಿರವಿದ್ದರು ಎಂಬುದನ್ನು ಈ ದಾವೆ ತೋರಿಸಿಕೊಟ್ಟಿತು.

ಓರ್ ಅವರೂ ಹೊಣೆಗಾರರಲ್ಲವೇ, ಸಹಿ ಹಾಕುವ ಮುನ್ನ ಓದಬೇಕಿತ್ತಲ್ಲವೇ ಎಂಬ ಪ್ರಶ್ನೆ ಸಹಜವಾಗಿ ಬರುತ್ತದೆ. ಓದಬೇಕಿತ್ತು. ಆದರೆ 14ರಲ್ಲಿ ಶಾಲೆ ಮತ್ತು ರಿಂಕ್ ನಡುವೆ ಓಡಾಡಿ, 18ರಲ್ಲಿ ಪ್ರಪಂಚದ ಕಣ್ಣಿಗೆ ಬಿದ್ದ ಹುಡುಗನಿಗೆ ಎರಡನೆಯ ವಕೀಲನ ಅಭಿಪ್ರಾಯ ಕೇಳುವುದು ದ್ರೋಹವೆಂದು ಕಾಣುವಂತೆ ಆ ಸಂಬಂಧ ಬೆಳೆದಿತ್ತು. ಆಟಗಾರರ ಸಂಬಳ ಗುಟ್ಟಾಗಿಯೇ ಉಳಿದಿದ್ದರಿಂದ ಹೋಲಿಸಿ ನೋಡುವ ದಾರಿಯೂ ಇರಲಿಲ್ಲ. ಆಟಗಾರರ ಸಂಬಳವನ್ನು ಎಲ್ಲ ಆಟಗಾರರಿಗೂ ತಿಳಿಸುವ ಪದ್ಧತಿ ಬಂದದ್ದು 1990ರ ಸುಮಾರಿಗೆ. ನಂತರ ಏಜೆಂಟರಿಗೆ ಸಂಘದ ಮಾನ್ಯತೆ ಕಡ್ಡಾಯವಾಯಿತು, ಸಂಘದ ಹುದ್ದೆಯಲ್ಲಿರುವವರೇ ಆಟಗಾರರ ಖಾಸಗಿ ಏಜೆಂಟರಾಗುವ ಪದ್ಧತಿಯೂ ಕೊನೆಗೊಂಡಿತು. ನನ್ನ ಲೆಕ್ಕದಲ್ಲಿ ಇವುಗಳಲ್ಲಿ ಸಂಬಳದ ಬಹಿರಂಗವೇ ಹೆಚ್ಚು ಕೆಲಸ ಮಾಡಿತು. ಏಜೆಂಟ್ ಎಷ್ಟೇ ಪ್ರಾಮಾಣಿಕನಿರಲಿ, ಅಂಕಿಗಳು ಎಲ್ಲರ ಕಣ್ಣೆದುರು ಇದ್ದಾಗ ಮಾತ್ರ ಆಟಗಾರ ತನ್ನ ಬೆಲೆಯನ್ನು ತಾನೇ ತಿಳಿಯಬಲ್ಲ.

1990ರ ದಶಕದಲ್ಲಿ ಓರ್ ತಾವೇ ಆಟಗಾರರ ಏಜೆಂಟರಾದರು. ಅವರ ಹೆಸರಿನ ಓರ್ ಹಾಕಿ ಗ್ರೂಪ್ ಲೀಗಿನ ಹಲವು ಪ್ರಮುಖರನ್ನು ಪ್ರತಿನಿಧಿಸಿತು. ಹದಿಹರೆಯದಲ್ಲೇ ಅದರ ಆಶ್ರಯಕ್ಕೆ ಬಂದವರಲ್ಲಿ 2015ರಲ್ಲಿ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಎಡ್ಮಂಟನ್ ಆಯ್ಲರ್ಸ್ ಮೊದಲ ಆಯ್ಕೆಯಾಗಿ ಪಡೆದ ಕಾನರ್ ಮೆಕ್‌ಡೇವಿಡ್ ಒಬ್ಬರು. 2017ರ ಜುಲೈನಲ್ಲಿ ಮೆಕ್‌ಡೇವಿಡ್ ಎಂಟು ವರ್ಷಕ್ಕೆ 10 ಕೋಟಿ ಡಾಲರಿನ ಕರಾರಿಗೆ ಸಹಿ ಹಾಕಿದಾಗ, ವರ್ಷಕ್ಕೆ 1.25 ಕೋಟಿ ಎಂಬ ಅಂಕಿ ಕೂಡಲೇ ಪತ್ರಿಕೆಗಳಿಗೂ, ಲೀಗಿನ ಪ್ರತಿಯೊಬ್ಬ ಆಟಗಾರನಿಗೂ ತಿಳಿದಿತ್ತು.